ಸೇರುವುದು ಒಂದು, ಪಾಲು ಪಡೆಯುವುದು ಇನ್ನೊಂದು

ಯುರೋಪಿಯನ್ ಒಕ್ಕೂಟದ ಬಾಗಿಲಲ್ಲಿ ಟರ್ಕಿಯು ದಶಕಗಳಿಂದ ನಿಂತಿದೆ. ಅದು ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿದ್ದು 1987ರಲ್ಲಿ. ಮಾತುಕತೆ ಆರಂಭವಾದದ್ದು 2005ರ ಅಕ್ಟೋಬರ್ 3ರಂದು. ಅದೇ ದಿನ ಮಾತುಕತೆ ಆರಂಭಿಸಿದ ಕ್ರೊವೇಷಿಯಾ 2013ರಲ್ಲಿ ಸದಸ್ಯ ರಾಷ್ಟ್ರವಾಯಿತು. ಟರ್ಕಿಯ ಮುಂದಿಟ್ಟ 35 ಅಧ್ಯಾಯಗಳಲ್ಲಿ ಚರ್ಚೆಗೆ ಬಂದದ್ದು 16, ತಾತ್ಕಾಲಿಕವಾಗಿ ಮುಗಿದದ್ದು ಒಂದೇ ಒಂದು.

ಹೊಸ ಸದಸ್ಯನಿಗೆ ಎಲ್ಲ ಸದಸ್ಯ ರಾಷ್ಟ್ರಗಳ ಒಪ್ಪಿಗೆ ಬೇಕು. ಸೈಪ್ರಸ್ ವಿವಾದ ಇನ್ನೂ ಬಗೆಹರಿದಿಲ್ಲ. ಮುಸ್ಲಿಮ್ ಬಾಹುಳ್ಯದ ದೇಶವೆಂಬ ಪೂರ್ವಗ್ರಹವೂ ಇದರ ಹಿಂದೆ ಕೆಲಸ ಮಾಡಿದೆ. ಆದರೆ 2016ರ ಕ್ಷಿಪ್ರಕ್ರಾಂತಿ ಯತ್ನದ ಬಳಿಕ ಪತ್ರಕರ್ತರನ್ನೂ ನ್ಯಾಯಾಧೀಶರನ್ನೂ ಸೆರೆಗೆ ತಳ್ಳಿದ ಅಲ್ಲಿನ ಆಡಳಿತವು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ನ್ಯಾಯದ ತಕ್ಕಡಿ ನಮ್ಮವರಿಗೊಂದು, ಪರರಿಗೊಂದು ಆಗಬಾರದು.

ಒಕ್ಕೂಟ ಸೇರುವ ಕಷ್ಟವನ್ನು ಅರಿಯಲು ನಾವು ಯುರೋಪಿಗೇ ಹೋಗಬೇಕಿಲ್ಲ. ಹವಳಗಾ, ಅಫಜಲಪುರ, ಆಳಂದ, ಜೇವರ್ಗಿಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1948ರ ಸೆಪ್ಟೆಂಬರ್‌ನಲ್ಲಿ ಐದು ದಿನಗಳ ಸೇನಾ ಕಾರ್ಯಾಚರಣೆಯಿಂದ ಆ ಸಂಸ್ಥಾನ ಭಾರತದೊಳಗೆ ಬಂತು. ಅದಕ್ಕೆ ಮುನ್ನ ರಜಾಕಾರರ ದೌರ್ಜನ್ಯಕ್ಕೆ ಹಿಂದೂಗಳು ತುತ್ತಾದರೆ, ತರುವಾಯದ ಸೇಡಿಗೆ ನಿರಪರಾಧಿ ಮುಸ್ಲಿಮರು ಬಲಿಯಾದರು. ಎರಡನ್ನೂ ಸ್ಮರಿಸುವುದೇ ಪ್ರಾಮಾಣಿಕತೆ.

1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯದೊಂದಿಗೆ ಒಂದಾಯಿತು. ಭೂಪಟ ಒಂದೇ ದಿನದಲ್ಲಿ ಬದಲಾಯಿತು, ಬದುಕು ಬದಲಾಯಿತೇ? 2002ರಲ್ಲಿ ವರದಿ ನೀಡಿದ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಸೇರ್ಪಡೆಯ ಜೊತೆಗೆ ಪಾಲೂ ಬೇಕೆಂಬ ಹೋರಾಟ 2012ರ ಸಂವಿಧಾನ ತಿದ್ದುಪಡಿಯಲ್ಲಿ ಫಲ ಕಂಡಿತು. ಅದರಿಂದ ಬಂದ 371(ಜೆ) ವಿಧಿಯನ್ವಯ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಸರಕಾರಿ ನೌಕರಿಗಳಲ್ಲೂ ಮೀಸಲಾತಿಯಿದೆ.

ಈ ಹಕ್ಕಿಗೆ ಜಾತಿ, ಧರ್ಮದ ಭೇದವಿಲ್ಲ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಇದರ ಅರ್ಹತಾ ಪ್ರಮಾಣಪತ್ರವಿದೆ? ಹತ್ತನೆಯ ತರಗತಿ ಮುಗಿಯುವ ಮೊದಲೇ ಮಗನನ್ನು ಗ್ಯಾರೇಜಿಗೆ ಕಳುಹಿಸಿ, ಮಗಳ ಮದುವೆಗೆ ಆತುರಪಡುವ ಮನೆಗೆ ಈ ವಿಧಿಯಿಂದ ಏನು ಪ್ರಯೋಜನ? ಬಾಗಿಲು ಮುಚ್ಚಿದವರನ್ನು ಪ್ರಶ್ನಿಸುವುದು ನಮ್ಮ ಹಕ್ಕು. ತೆರೆದ ಬಾಗಿಲಿನೊಳಗೆ ಮಕ್ಕಳನ್ನು ಕೈಹಿಡಿದು ಕರೆದೊಯ್ಯುವುದು ನಮ್ಮ ಹೊಣೆ. ಮಸೀದಿ ಕಮಿಟಿಗಳು ಒಂದು ಶುಕ್ರವಾರ ಜುಮಾದ ನಂತರ ಈ ಪ್ರಮಾಣಪತ್ರದ ಅರ್ಜಿ ತುಂಬಿಸುವ ಕೆಲಸಕ್ಕೆ ಕೈಹಾಕಲಿ.