ರಿಪೋರ್ಟ್ ಬಂತು ಅಂದ್ರೆ ರಿಪೇರಿ ಆಯ್ತು ಅಂತಲ್ಲ

ಬಾಡಿಗೆಗೆ ಮನೆ ಕೊಟ್ಟಿರೋರು ಇದನ್ನ ಪುರುಸೊತ್ತು ಮಾಡ್ಕೊಂಡು ಓದಿ. ತಪ್ಪು ನಂದೇ, ಅದಕ್ಕೇ ಬರೀತಿದೀನಿ.

ನಮ್ಮ ಮರಳೂರು ಈಗ ಅರ್ಧ ಊರು, ಅರ್ಧ ಸಿಟಿ. ಜಮೀನಿನ ಪಕ್ಕ ಒಂದೆರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿರೋರಲ್ಲಿ ನಾನೂ ಒಬ್ಬ. ಏಪ್ರಿಲ್‌ನಲ್ಲಿ ಬಾಡಿಗೆ ಮನೆಯ ಹೆಣ್ಣುಮಗಳು ಬಂದು, 'ಅಣ್ಣ, ಬಚ್ಚಲು ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ' ಅಂದ್ಲು. 'ಗೀಸರ್ ಆಫ್ ಮಾಡಿ ಸ್ನಾನ ಮಾಡ್ರಮ್ಮ, ನೋಡಣ' ಅಂದು ತೋಟಕ್ಕೆ ಹೋದೆ. ನಾಲ್ಕು ದಿನಕ್ಕೆ ಅವಳ ಮಗು ಅದೇ ನಲ್ಲಿ ಮುಟ್ಟಿ ಚೀರಿ ಕೂತ್ಬಿಡ್ತು. ದೇವರು ದೊಡ್ಡೋನು, ಏನೂ ಆಗ್ಲಿಲ್ಲ. ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕನೆಕ್ಷನ್ ತಗೊಂಡಾಗ ವೈರಿಂಗ್ ಕಂಟ್ರಾಕ್ಟರ್ ಕೊಟ್ಟಿದ್ದ ರಿಪೋರ್ಟ್ ಹುಡುಕಿ ತೆಗೆದೆ. ಅರ್ಥಿಂಗ್ ಅನ್ನೋ ಕಡೆ 'ಸರಿಯಿದೆ' ಅಂತ ಬರೆದಿತ್ತು. ಎಷ್ಟು ಓಮ್ ಅಂತ ಅಂಕಿಯೇ ಇಲ್ಲ. ಅಳೆದವನು ಅಂಕಿ ಬರೀತಾನೆ, ಅಳೆಯದೋನು 'ಸರಿಯಿದೆ' ಅಂತ ಬರೀತಾನೆ. ಹತ್ತು ವರ್ಷ ಆ ಕಾಗದ ನಂಬ್ಕೊಂಡು ಕೂತಿದ್ದೆ.

ಲೈಸೆನ್ಸ್ ಇರೋ ಇನ್ನೊಬ್ಬರನ್ನ ಕರೆಸಿದೆ. ಮೆಗ್ಗರ್, ಅರ್ಥ್ ಟೆಸ್ಟರ್ ತಂದು ಅಳೆದರು. ಅರ್ಥಿಂಗ್ 40 ಓಮ್. ಗೀಸರ್ ಕಾಯಿಲ್‌ನಿಂದ ಕರೆಂಟ್ ಸೋರ್ತಿತ್ತು. ಆರ್‌ಸಿಸಿಬಿ ಇರಲೇ ಇಲ್ಲ. 'ಎಂಸಿಬಿ ಇದ್ಯಲ್ಲ ಸಾರ್' ಅಂದೆ. ಅವರು ಲೆಕ್ಕ ಹೇಳಿದ್ರು. 230 ವೋಲ್ಟನ್ನ 40ರಿಂದ ಭಾಗಿಸಿದ್ರೆ ಆರು ಆಂಪಿಯರ್ ಕೂಡ ಬರಲ್ಲ. ಗೀಸರ್ ಮೈಗೆ ಪೂರಾ ಕರೆಂಟ್ ಬಂದ್ರೂ 16 ಆಂಪಿಯರ್ ಎಂಸಿಬಿ ಬೀಳೋದೇ ಇಲ್ಲ. ಒಂದು ಇಸ್ತ್ರಿ ಪೆಟ್ಟಿಗೆ ಹಾಕಿದಂಗೆ ಮೀಟರ್ ಓಡ್ತಾ ಇರತ್ತೆ, ಮುಟ್ಟಿದೋರು ಹೋಗ್ತಾರೆ. ಎಂಸಿಬಿ ಇರೋದು ವೈರ್ ಸುಡದೇ ಇರಲಿ ಅಂತ. ಮನುಷ್ಯನ ಜೀವ ಕಾಯೋದು 30 ಮಿಲಿ ಆಂಪಿಯರ್‌ಗೆ ಬೀಳೋ ಆರ್‌ಸಿಸಿಬಿ.

ನಾಚಿಕೆಗೇಡಿನ ಮಾತು ಈಗ ಬರತ್ತೆ. ಅವರು ಐದು ರಿಪೇರಿ ಬರೆದು ಕೊಟ್ಟ ಹಾಳೆನ ನಾನು ಅದೇ ಫೈಲಿಗೆ ಹಾಕಿ ಇಟ್ಟೆ! ಗೀಸರ್ ಲೈನ್ ಕಿತ್ತು ಹೋಗಿದ್ರಲ್ಲ, ಮಿಕ್ಕಿದ್ದು ಕಾಯಿ ಮಾರಿದ್ಮೇಲೆ ನೋಡಣ ಅಂತ. ಮೂರು ವಾರ ಹಂಗೇ ಕಳೀತು. ತಪಾಸಣೆ ಆಗಿದೆ ಅನ್ನೋದೇ ಒಂದು ಸಮಾಧಾನ ಕೊಡ್ತು. ನಾನು ಹೇಳಬೇಕು ಅಂತಿರೋದು ಇದೇ: ರಿಪೋರ್ಟ್ ಅನ್ನೋದು ಡಾಕ್ಟರ ಚೀಟಿ ಇದ್ದಂಗೆ. ಚೀಟಿ ಜೇಬಲ್ಲಿ ಇಟ್ಕೊಂಡ್ರೆ ಜ್ವರ ಇಳಿಯಲ್ಲ. ರಿಪೇರಿ ಆಗಿ, ಮತ್ತೆ ಅಳೆದು, ಹೊಸ ಅಂಕಿ ಬರೆಯೋ ತನಕ ಆ ರಿಪೋರ್ಟ್ ಮುಗಿದಿಲ್ಲ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗಳಿಗೆ 2020ರಲ್ಲಿ ಒಂದು ಕಾನೂನು ತಂದಿದ್ದಾರೆ. ಐದು ವರ್ಷಕ್ಕೊಮ್ಮೆಯಾದರೂ ವೈರಿಂಗ್ ತಪಾಸಣೆ ಆಗಬೇಕು, ರಿಪೋರ್ಟಿನ ಪ್ರತಿ ಬಾಡಿಗೆದಾರರ ಕೈಗೆ ಕೊಡಬೇಕು. ಅಪಾಯ ಅಂತ ಬರೆದಿದ್ದನ್ನ 28 ದಿನದೊಳಗೆ, ಇನ್ನೂ ಬೇಗ ಅಂತ ಬರೆದಿದ್ರೆ ಅದಕ್ಕೂ ಮುಂಚೆ ರಿಪೇರಿ ಮಾಡಿಸಿ, ಆಗಿದೆ ಅಂತ ಬರವಣಿಗೇಲಿ ತೋರಿಸಬೇಕು. ಆ 28 ದಿನದ ಮಾತು ನನಗೆ ಬಹಳ ಹಿಡಿಸ್ತು. ಅಲ್ಲಿ ತಪಾಸಣೆಗೆ ಮಾತ್ರ ಅಲ್ಲ, ರಿಪೇರಿಗೂ ಗಡುವು ಇದೆ.

ನಮ್ಮಲ್ಲಿ 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್‌ನಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಎಳೆ ಮಗು ಇಬ್ಬರೂ ತೀರಿಕೊಂಡಾಗ ನಾಡೆಲ್ಲ ಕೇಳ್ತು. ಕೇಳಲೇಬೇಕು. ಆದರೆ ಕಂಬದಿಂದ ಮೀಟರ್ ತನಕ ಬೆಸ್ಕಾಂ ಅಂತ ಬೈಯೋ ನಾವು, ಮೀಟರ್‌ನಿಂದ ಬಚ್ಚಲ ತನಕ ನಮ್ಮ ಜವಾಬ್ದಾರಿ ಅನ್ನೋದನ್ನ ಮರೀತೀವಿ.

'ಬರೋ ಬಾಡಿಗೆ ಎಷ್ಟು, ಇದಕ್ಕೆಲ್ಲ ಎಲ್ಲಿಂದ ತರೋದು' ಅಂತ ಕೆಲವರು ಕೇಳ್ತಾರೆ. ನಿಜ, ನನಗೂ ಭಾರ ಆಯ್ತು. ಹೊಸ ಅರ್ಥ್ ಗುಂಡಿ, ಆರ್‌ಸಿಸಿಬಿ, ಗೀಸರ್ ಎಲ್ಲ ಸೇರಿ ಎರಡು ತಿಂಗಳ ಬಾಡಿಗೆ ಹೋಯ್ತು. ಬಲ್ಬು ಸುಟ್ಟರೆ ಬಾಡಿಗೆದಾರರು ಹಾಕ್ಕೊಳ್ಳಲಿ, ಗೋಡೆ ಒಳಗಿನ ವೈರಿಗೆ ಮಾತ್ರ ಮಾಲೀಕನೇ ಹೊಣೆ. ಅವರು ಗೋಡೆ ಒಡೆದು ನೋಡೋಕಾಗಲ್ಲ.

ಕೆಲಸ ಮುಗಿದ ಮೇಲೆ ಮತ್ತೆ ಅಳೆಸಿದೆ. 40 ಇದ್ದದ್ದು 6 ಓಮ್‌ಗೆ ಇಳಿದಿತ್ತು. ಆದ್ರೂ 6 ಓಮ್‌ಗೆ ಎಂಸಿಬಿ ತಕ್ಷಣ ಬೀಳಲ್ಲ ಅಂತ ಅವರೇ ಹೇಳಿದ್ರು. ಹಾಗಾಗಿ ಅರ್ಥಿಂಗ್ ಇದ್ದರೂ ಆರ್‌ಸಿಸಿಬಿ ಬೇಕೇ ಬೇಕು.

ನೀವು ತಪಾಸಣೆ ಮಾಡಿಸಿದ್ರೆ ಇಷ್ಟು ನೋಡ್ಕೊಳ್ಳಿ. ಅರ್ಥಿಂಗನ್ನ ಬೇಸಿಗೇಲಿ ಅಳೆಸಿ, ಮಳೆ ಬಿದ್ದ ನೆಲ ಒಳ್ಳೇ ಅಂಕಿ ತೋರಿಸಿ ಮೋಸ ಮಾಡತ್ತೆ. 'ಸರಿಯಿದೆ' ಅಂತ ಬರೆದ ಹಾಳೆ ವಾಪಸ್ ಕೊಟ್ಟು ಅಂಕಿ, ತಾರೀಕು ಬರೆಸಿ. ಒಂದೊಂದು ರಿಪೇರಿ ಮುಂದೆ ಯಾವತ್ತೊಳಗೆ ಅಂತ ನೀವೇ ಬರ್ಕೊಳ್ಳಿ. ಒಂದು ಪ್ರತಿ ಬಾಡಿಗೆದಾರರಿಗೆ ಕೊಡಿ, ನೀವು ಮರೆತರೆ ಅವರು ನೆನಪಿಸ್ತಾರೆ. ಆರ್‌ಸಿಸಿಬಿ ಮೇಲೆ ಟೆಸ್ಟ್ ಬಟನ್ ಇರತ್ತೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ಆದರೆ ಅದು ಬಿದ್ದರೆ ಆರ್‌ಸಿಸಿಬಿ ಸರಿ ಅಂತಷ್ಟೇ ಅರ್ಥ, ಅರ್ಥಿಂಗ್ ಸರಿ ಅಂತಲ್ಲ.

ಯಾರಾದ್ರೂ 'ಜುಮ್ ಅಂತದೆ' ಅಂತ ಹೇಳಿದ್ರೆ ನನ್ನ ಥರ ತೋಟಕ್ಕೆ ಹೋಗಬೇಡಿ. ಮೊದಲು ಮೇನ್ ಆಫ್ ಮಾಡಿ.