ಆರು ರನ್ನಿನ ಹಿಂದಿನ ನೂರಮೂರು
2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್ ಮಾತು ಬಂದರೆ ಸಾಕು, ಕಟ್ಟೆಮಳಲವಾಡಿ ಕಡೆ ಈಗಲೂ ‘ಬರೀ ಆರು ರನ್ನಲ್ಲಿ ಕೈತಪ್ಪಿತಲ್ಲಪ್ಪ’ ಎಂದು ಹಲುಬುವವರಿದ್ದಾರೆ. ಆರು ರನ್ ನಿಜ, ಆದರೆ ಪಂದ್ಯದ ಕತೆ ಅದರಲ್ಲಿಲ್ಲ. ಮುಂಬೈನ 233ಕ್ಕೆ ಎದುರಾಗಿ ಕರ್ನಾಟಕ 130ಕ್ಕೇ ಮಗುಚಿಕೊಂಡಿತ್ತು. ನಾವು ಸೋತದ್ದು ಆ 103 ರನ್ನಿನ ಹಿನ್ನಡೆಯಲ್ಲಿ, ಕೊನೆಯ ದಿನ ಅಲ್ಲವೇ ಅಲ್ಲ. ಎರಡನೇ ಸರದಿಯಲ್ಲಿ ಮುಂಬೈ 234 ಗಳಿಸಿ, ನಮ್ಮ ಮುಂದೆ 338ರ ಗುರಿ ಇಟ್ಟಿತು. ನಾಲ್ಕನೇ ಇನಿಂಗ್ಸ್‌ನಲ್ಲಿ ಅಷ್ಟನ್ನು ಬೆನ್ನಟ್ಟುವುದು ಹುಡುಗಾಟವೇ? ಇಪ್ಪತ್ತರ ಹರೆಯದ ಮನೀಶ್ ಪಾಂಡೆ 144 ಬಾರಿಸಿ, ಕಿಕ್ಕಿರಿದ ಜನಕ್ಕೆ ಗೆಲುವನ್ನು ಕಣ್ಣೆದುರಿಗೇ ತಂದು ನಿಲ್ಲಿಸಿದ್ದರು. ತಂಡ 331ಕ್ಕೆ ಆಲೌಟ್ ಆಯಿತು, ನಿಜ. ಆದರೆ ನಾಲ್ಕು ಇನಿಂಗ್ಸ್‌ಗಳಲ್ಲಿ ಅತಿ ದೊಡ್ಡ ಮೊತ್ತ ಸೋತವರದೇ! ಅಮೆರಿಕನ್ ಫುಟ್‌ಬಾಲ್‌ನ 2017ರ ಸೂಪರ್ ಬೌಲ್ ಕೂಡ 34-28ರಲ್ಲಿ ಮುಗಿಯಿತು, ಅಲ್ಲೂ ಆರೇ ಅಂತರ. ಸೋತ ಅಟ್ಲಾಂಟಾ ಒಂದು ಹಂತದಲ್ಲಿ 28-3ರಿಂದ ಮುಂದಿತ್ತೆಂದು ಆ ಅಂಕ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಮೈಸೂರಿನ ಸೋಲಿಗೆ ಕೊನೆಯ ವಿಕೆಟ್‌ಗಳನ್ನು ಬೈಯುವವರು ದಯವಿಟ್ಟು ಮೊದಲ ಇನಿಂಗ್ಸ್‌ನ ಸ್ಕೋರ್ ನೋಡಲಿ. ಪಾಂಡೆಯ ಆ 144ಕ್ಕೆ ಗೆದ್ದ ಆಟದ ಗೌರವವೇ ಸಲ್ಲಬೇಕು.