ರುಜು ಹಾಕುವ ಮುನ್ನ ಮೊಬೈಲಿನಲ್ಲಿ ಬಡ್ಡಿಯ ಲೆಕ್ಕ

ಬೇಸಾಯಗಾರನಿಗೆ ಸಾಲ ಹೊಸದಲ್ಲ. ಕೊಳವೆಬಾವಿಗೆ ಸಾಲ, ಹನಿ ನೀರಾವರಿಗೆ ಸಾಲ, ಹಸುವಿಗೆ ಸಾಲ, ಟಿಲ್ಲರಿಗೆ ಸಾಲ. ಪಾಲಕ್ಕೋಡಿನ ಟೊಮೇಟೊ ಬೆಳೆಗಾರನಾಗಲಿ, ಸೇಲಂ ಕಡೆಯ ಮರಗೆಣಸಿನ ರೈತನಾಗಲಿ, ಧರ್ಮಪುರಿಯ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವವನಾಗಲಿ, ಪರರ ಹಣಕ್ಕೆ ಕೈಯೊಡ್ಡದೆ ಬೇಸಾಯ ಸಾಗಿಸುವುದು ಕಷ್ಟವೇ ಸರಿ. ಸಾಲ ಮಾಡುವುದು ತಪ್ಪಲ್ಲ. ನಿಜವಾದ ಬಡ್ಡಿ ಎಷ್ಟೆಂದು ತಿಳಿಯದೆ ಮಾಡುವುದು ಮನೆಗೆ ಕೇಡು.

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ತೊಡಕುಂಟು. ಮನೆಯ ಮಾತು ಕನ್ನಡ, ಸಾಲಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ತೋರಿಸಿದ ಜಾಗದಲ್ಲಿ ರುಜು ಹಾಕಿ ಬರುವ ಹಿರಿಯರು ಇಂದಿಗೂ ಇದ್ದಾರೆ. ಪತ್ರದ ಮಾತು ಅರ್ಥವಾಗದಿದ್ದರೂ ಅದರಲ್ಲಿರುವ ಅಂಕಿಗಳು ಎಲ್ಲರಿಗೂ ಒಂದೇ. ಆ ಅಂಕಿಗಳನ್ನು ಹಿಡಿದು ಬಡ್ಡಿಯ ದರವನ್ನು ನಾವೇ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದ ಸಾಧನ ಈಗ ಅನೇಕರ ಜೇಬಿನಲ್ಲೇ ಇದೆ.

ಇಂತಹ ಲೆಕ್ಕಕ್ಕೆಂದೇ ಮಾಡಿದ ಯಂತ್ರವೊಂದು ಬ್ಯಾಂಕಿನವರಲ್ಲಿಯೂ ಹಣಕಾಸಿನ ವ್ಯವಹಾರಸ್ಥರಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. 1981ರಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿ ಹೊರತಂದ ಎಚ್‌ಪಿ-12ಸಿ ಎಂಬ ಕ್ಯಾಲ್ಕುಲೇಟರ್ ಇವುಗಳಲ್ಲಿ ಹೆಸರಾದುದು. ಅದರ ಜೀವಾಳವೆಲ್ಲ ಐದು ಗುಂಡಿಗಳಲ್ಲಿದೆ. ‘ಎನ್’ ಎಂದರೆ ಕಂತುಗಳ ಸಂಖ್ಯೆ, ‘ಐ’ ಎಂದರೆ ಒಂದು ಕಂತಿನ ಅವಧಿಗೆ ಬಡ್ಡಿಯ ದರ, ‘ಪಿ.ವಿ.’ ಎಂದರೆ ಇಂದು ಕೈಗೆ ಬಂದ ಹಣ, ‘ಪಿ.ಎಂ.ಟಿ.’ ಎಂದರೆ ಕಂತು, ‘ಎಫ್.ವಿ.’ ಎಂದರೆ ಕೊನೆಯಲ್ಲಿ ಉಳಿಯುವ ಬಾಕಿ. ಯಾವುದಾದರೂ ನಾಲ್ಕನ್ನು ಕೊಟ್ಟರೆ ಐದನೆಯದನ್ನು ಯಂತ್ರ ಹೇಳುತ್ತದೆ.

ಇದು ನಮಗೆ ಅಪರಿಚಿತವಾದ ವಿದ್ಯೆಯೇನೂ ಅಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಕಾಲ ಇವುಗಳಲ್ಲಿ ತಿಳಿಯದ ಒಂದನ್ನು ಉಳಿದವುಗಳಿಂದ ಕಂಡುಹಿಡಿಯುವ ಲೆಕ್ಕಗಳಿವೆ. ಇಂದು ಅದೇ ಕೆಲಸವನ್ನು ಮೊಬೈಲಿನ ಆ್ಯಪ್ ಮಾಡುತ್ತದೆ. ಹಳೆಯ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಬೆಲೆಯಿಲ್ಲದೆ ದೊರೆಯುವ ಆ್ಯಪ್ ರೈತನ ಮನೆಗೆ ಸಾಕೆಂಬುದು ನಮ್ಮ ಅಭಿಪ್ರಾಯ. ಆದರೆ ಯಾವ ಆ್ಯಪ್, ಅದರಲ್ಲಿ ಯಾವ ಅಂಕಿ ಎಂಬ ಎರಡು ಸಂಗತಿಗಳನ್ನು ಮೊದಲು ತಿಳಿಯತಕ್ಕದ್ದು.

ಒಂದು ಉದಾಹರಣೆ ನೋಡೋಣ. ಒಂದು ಲಕ್ಷ ರೂಪಾಯಿ ಸಾಲ, ಮೂರು ವರ್ಷದ ವಾಯಿದೆ, ‘ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಬಡ್ಡಿ’ ಎಂದು ಸಾಲ ಕೊಡುವವನು ಹೇಳುತ್ತಾನೆ. ವರ್ಷಕ್ಕೆ 12,000ದಂತೆ ಮೂರು ವರ್ಷಕ್ಕೆ 36,000 ಬಡ್ಡಿ. ಅಸಲು ಸೇರಿಸಿ 1,36,000ವನ್ನು 36 ತಿಂಗಳಿಗೆ ಹಂಚಿದರೆ ಕಂತು ಸುಮಾರು 3,778 ರೂಪಾಯಿ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಪ್ರತಿ ಕಂತಿನಲ್ಲಿಯೂ ಅಸಲಿನ ಒಂದು ಭಾಗ ತೀರುತ್ತಾ ಬರುತ್ತದೆ, ಬಡ್ಡಿಯನ್ನು ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಲಕ್ಷಕ್ಕೆ ಹಾಕಲಾಗಿದೆ. ಆ್ಯಪಿನಲ್ಲಿ ಎನ್ 36, ಪಿ.ವಿ. 1,00,000, ಪಿ.ಎಂ.ಟಿ. 3,778, ಎಫ್.ವಿ. ಸೊನ್ನೆ ಎಂದು ಕೊಟ್ಟು ‘ಐ’ ಕೇಳಿದರೆ ತಿಂಗಳಿಗೆ ಸುಮಾರು 1.77 ಎಂದು ಬರುತ್ತದೆ. ವರ್ಷಕ್ಕೆ ನೂರಕ್ಕೆ 21ರ ಮೇಲಾಯಿತು. ಇಳಿಯುವ ಬಾಕಿಯ ಮೇಲೆಯೇ 12ರ ದರ ಹಾಕಿದ್ದರೆ ಕಂತು ಸುಮಾರು 3,321 ರೂಪಾಯಿ, ಒಟ್ಟು ಬಡ್ಡಿ 19,600ರೊಳಗೆ ಮುಗಿಯುತ್ತಿತ್ತು. ‘12’ ಎಂಬ ಒಂದೇ ಅಂಕಿಯ ಮರೆಯಲ್ಲಿ 16,000 ರೂಪಾಯಿಗೂ ಮಿಕ್ಕಿದ ಅಂತರ ಅಡಗಿದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಪತ್ರದ ಖರ್ಚು, ವಿಮೆ ಎಂದು ಹೇಳಿ 5,000 ಮುರಿದುಕೊಂಡು 95,000ವನ್ನೇ ಕೈಗೆ ಕೊಟ್ಟರೆ ಪಿ.ವಿ. ಜಾಗದಲ್ಲಿ 95,000 ಎಂದೇ ಬರೆಯಬೇಕು. ಆಗ ದರ ವರ್ಷಕ್ಕೆ ನೂರಕ್ಕೆ 25 ಎಂದು ಕಾಣುತ್ತದೆ. ಪತ್ರದಲ್ಲಿ ಎಷ್ಟು ಬರೆದಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಕೈಗೆ ಎಷ್ಟು ಬಂತು ಎಂಬುದೇ ಮುಖ್ಯ. ಇಡೀ ಲೆಕ್ಕದ ಗುಟ್ಟು ಇದೊಂದೇ.

ದಿನಕಂತಿನ ತಂಡಲ್ ಸಾಲಕ್ಕೂ ಇದೇ ಕ್ರಮ. ಹತ್ತು ಸಾವಿರದಲ್ಲಿ 1,500 ಮೊದಲೇ ಹಿಡಿದು 8,500 ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡಿದರೆ ‘ನೂರಕ್ಕೆ ಹದಿನೈದು ತಾನೆ’ ಎನಿಸುತ್ತದೆ. ಆ್ಯಪಿನಲ್ಲಿ ದಿನದ ದರ ಸುಮಾರು 0.33 ಎಂದು ಬರುತ್ತದೆ. ವರ್ಷಕ್ಕೆ ನೂರಕ್ಕೆ 120! ಕಂದುವಟ್ಟಿ, ಮೀಟರ್ ವಟ್ಟಿ, ತಂಡಲ್ ಮೊದಲಾದ ಇಂತಹ ಬಡ್ಡಿಗಳನ್ನು ತಮಿಳುನಾಡು ಸರ್ಕಾರ 2003ರ ಕಾಯಿದೆಯಿಂದ ನಿಷೇಧಿಸಿದೆ ಎಂಬುದನ್ನೂ ನೆನಪಿಡಬೇಕು.

ಇನ್ನು ಆ್ಯಪನ್ನು ಆರಿಸುವ ಬಗೆ. ಹಳೆಯ ಯಂತ್ರಕ್ಕೆ ಒಂದು ದೊಡ್ಡ ಗುಣವಿತ್ತು: ಲೆಕ್ಕದ ಹೊರತು ಬೇರೆ ಕೆಲಸ ಅದಕ್ಕೆ ತಿಳಿಯದು. ಅದು ಜಾಹೀರಾತು ತೋರಿಸುತ್ತಿರಲಿಲ್ಲ, ಸಾಲ ಬೇಕೇ ಎಂದು ಕೇಳುತ್ತಿರಲಿಲ್ಲ. ಮೊಬೈಲು ಹಾಗಲ್ಲ. ಆದುದರಿಂದ ಮೂರು ಪರೀಕ್ಷೆ ಮಾಡಿ ನೋಡಿರಿ.

ಮೊದಲನೆಯದು, ಅದು ದರವನ್ನು ಹೇಳಬಲ್ಲುದೇ? ದರ ಕೊಟ್ಟರೆ ಕಂತು ಹೇಳುವ ಆ್ಯಪ್‌ಗಳು ಬಹಳ. ಕಂತು ಕೊಟ್ಟರೆ ದರ ಹೇಳುವುದು ನಮಗೆ ಬೇಕಾದುದು. ಮೇಲಿನ ಒಂದು ಲಕ್ಷದ ಲೆಕ್ಕ ಹಾಕಿರಿ, 1.77 ಬಂದರೆ ಸರಿ. ಕೆಲವು ಆ್ಯಪ್‌ಗಳಲ್ಲಿ ಕೈಗೆ ಬರುವ ಹಣಕ್ಕೆ ಕೂಡುವ ಗುರುತು, ಕೈಬಿಟ್ಟು ಹೋಗುವ ಕಂತಿಗೆ ಕಳೆಯುವ ಗುರುತು ಹಾಕಬೇಕಾಗುತ್ತದೆ. ಕೆಲವು ತಿಂಗಳ ದರದ ಬದಲು ವರ್ಷದ ದರವನ್ನೇ, ಅಂದರೆ 21.2 ಎಂದು, ತೋರಿಸುತ್ತವೆ. ತಪ್ಪು ಉತ್ತರ ಬಂದರೆ ಈ ಎರಡನ್ನು ಮೊದಲು ನೋಡಿರಿ.

ಎರಡನೆಯದು, ಇಂಟರ್‌ನೆಟ್ ನಿಲ್ಲಿಸಿದರೂ ಅದು ಲೆಕ್ಕ ಮಾಡುತ್ತದೆಯೇ? ಕೂಡಿ ಕಳೆಯುವುದಕ್ಕೆ ಸಿಗ್ನಲ್ ಬೇಕಾಗಿಲ್ಲ. ಪೆನ್ನಾಗರದ ಕಡೆಯ ಗುಡ್ಡದ ಊರುಗಳವರಿಗೆ ಇದು ಅನುಕೂಲವೂ ಹೌದು.

ಮೂರನೆಯದು, ಅದು ನಿಮ್ಮನ್ನು ಏನು ಕೇಳುತ್ತದೆ? ಬಡ್ಡಿಯ ಲೆಕ್ಕಕ್ಕೆ ಆಧಾರ್ ಸಂಖ್ಯೆ, ಓ.ಟಿ.ಪಿ., ನೆಂಟರಿಷ್ಟರ ಫೋನ್ ನಂಬರು ಏಕೆ ಬೇಕು? ಕೇಳಿದರೆ ಆ ಆ್ಯಪನ್ನು ಆಗಲೇ ತೆಗೆದುಹಾಕಿರಿ. ಸಾಲ ಕೊಡುವ ಆ್ಯಪ್‌ಗಳೇ ಸಾಲಗಾರನ ಫೋನಿನಲ್ಲಿರುವ ಹೆಸರುಗಳ ಪಟ್ಟಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದೆ. ಹಾಗಿರುವಾಗ ಲೆಕ್ಕದ ಆ್ಯಪ್‌ಗೆ ಅದರ ಗೊಡವೆಯೇ ಇಲ್ಲ.

ಶಾಲೆಯಲ್ಲಿ ಲೆಕ್ಕ ಕಲಿಸುವ ನಮಗೆ ಒಂದು ಆತಂಕವುಂಟು. ಯಂತ್ರ ಹೇಳಿದ್ದೇ ವೇದವೆಂದು ಮಕ್ಕಳು ಮಗ್ಗಿಯನ್ನು ಬಿಟ್ಟಾರು. ಬೆರಳು ತಪ್ಪಿ ಒಂದು ಸೊನ್ನೆ ಹೆಚ್ಚಾದರೂ ಯಂತ್ರ ಉತ್ತರ ಕೊಟ್ಟೇ ಕೊಡುತ್ತದೆ. ಅದಕ್ಕೆ ಸ್ಲೇಟಿನ ಲೆಕ್ಕವೊಂದು ಜೊತೆಗಿರಲಿ: ಕಂತಿನ ಸಾಲದಲ್ಲಿ ಬಾಕಿ ಸರಾಸರಿ ಅರ್ಧದಷ್ಟೇ ಇರುವುದರಿಂದ, ಪೂರ್ತಿ ಅಸಲಿಗೆ ಹಾಕಿದ ಬಡ್ಡಿಯ ನಿಜವಾದ ದರ ಹೇಳಿದ್ದಕ್ಕೆ ಹತ್ತಿರ ಹತ್ತಿರ ಎರಡರಷ್ಟು. 12 ಎಂದರೆ 20ರ ಮೇಲೆ ಎಂದು ಮನಸ್ಸಿನಲ್ಲೇ ತಿಳಿಯಬೇಕು. ಆ್ಯಪ್ 2 ಎಂದೋ 200 ಎಂದೋ ಹೇಳಿದರೆ ಬೆರಳು ತಪ್ಪಿದೆ ಎಂದರ್ಥ.

ಕಾನೂನೂ ಈಗ ನಮ್ಮ ಕಡೆಗಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪೆನಿಗಳೂ ಮನೆವಾರ್ತೆಯ ಸಾಲಗಳಿಗೆ ‘ಮುಖ್ಯಾಂಶಗಳ ಪತ್ರ’ವೊಂದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ, ಅಂದರೆ ಎ.ಪಿ.ಆರ್., ಅದರಲ್ಲಿ ಇರಬೇಕು. ಆ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡವನ್ನಷ್ಟೇ ಓದಬಲ್ಲವನು ಕನ್ನಡದಲ್ಲಿ ಕೇಳಲು ಸಂಕೋಚಪಡಬಾರದು. ಪತ್ರದ ಎ.ಪಿ.ಆರ್. ಒಂದು ಕಡೆ, ನಮ್ಮ ಆ್ಯಪಿನ ಉತ್ತರ ಇನ್ನೊಂದು ಕಡೆ ಇಟ್ಟು ನೋಡಬೇಕು. ಎರಡೂ ಕೂಡದಿದ್ದರೆ, ಏಕೆಂದು ಕೇಳಿ ಉತ್ತರ ಪಡೆಯುವವರೆಗೆ ರುಜು ಹಾಕಬಾರದು.

ದರ ತಿಳಿದ ಮೇಲೆ ಬೇರೆ ದಾರಿಯೂ ಕಾಣುತ್ತದೆ. ತಮಿಳುನಾಡಿನ ಪ್ರಾಥಮಿಕ ಸಹಕಾರಿ ಸಂಘಗಳ ಬೆಳೆಸಾಲವನ್ನು ವಾಯಿದೆಗೆ ಸರಿಯಾಗಿ ತೀರಿಸಿದರೆ ಬಡ್ಡಿಯೇ ಇಲ್ಲ. ಅದು ಬಿಟ್ಟು 25ರ ಸಾಲಕ್ಕೆ ಹೋಗುವವನು ಹೆಚ್ಚಾಗಿ ಕಾಗದಪತ್ರದ ಓಡಾಟಕ್ಕೆ ಅಂಜಿ ಹೋಗುತ್ತಾನೆ. ಎರಡು ದಿನದ ಓಡಾಟ ತಪ್ಪಿಸಲು ಎಷ್ಟು ಸಾವಿರ ತೆತ್ತೆವೆಂದು ಲೆಕ್ಕ ಕಣ್ಣಿಗೆ ಕಟ್ಟಿದರೆ ಆ ಅಂಜಿಕೆ ತಾನಾಗಿ ಬಿಡುತ್ತದೆ.

ಆದುದರಿಂದ ರೈತಬಾಂಧವರು ಈ ವಾರವೇ ಒಂದು ಕೆಲಸ ಮಾಡಲಿ. ಮನೆಯಲ್ಲಿ ನಡೆಯುತ್ತಿರುವ ಸಾಲಗಳ ಪತ್ರಗಳನ್ನೆಲ್ಲ ಹೊರತೆಗೆದು, ಬಡ್ಡಿಲೆಕ್ಕ ಕಲಿತಿರುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಬಂದ ಹಣ, ಕಂತು, ತಿಂಗಳು ಇವನ್ನು ಹೇಳಿ ದರವನ್ನು ಕಂಡುಹಿಡಿಯಲಿ. ಆ ದರವನ್ನು ಪ್ರತಿ ಪತ್ರದ ತಲೆಯ ಮೇಲೆ ಕನ್ನಡದಲ್ಲಿ ಬರೆದಿಡಲಿ. ಬೆಳೆ ಮಾರಿದ ಹಣ ಕೈಸೇರಿದಾಗ ಕಂತುಗಳನ್ನೆಲ್ಲ ತಪ್ಪದೆ ಕಟ್ಟಿ, ಮಿಕ್ಕ ಹಣದಿಂದ ದರ ಹೆಚ್ಚಿರುವ ಸಾಲವನ್ನು ಮೊದಲು ತೀರಿಸಲಿ.